ಏರಿ ತುಳಿದ ಮಕ್ಕಳು

"ಗುರುಗಳೇ, ಹಿತ್ತಲಿಗೆ ಮುಳ್ಳುಬೇಲಿ ಹಾಕಿಸಲೇ?"

ಕೇಳಿದವನು ಮರುಳಯ್ಯ. ಮಠದಲ್ಲಿ ಓದುವ ಹದಿನಾಲ್ಕು ಹದಿನೈದರ ಹುಡುಗರಿಗೆ ಕಸರತ್ತು ಮಾಡಿಸುವ ಹೊಣೆ ಅವನದು. ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಳುಕೂ ಇತ್ತು. ಮಠದ ಹುಡುಗರು ಮೈಗಳ್ಳರಾಗುತ್ತಿದ್ದಾರೆಂದು ಊರವರು ಆಡಿಕೊಳ್ಳತೊಡಗಿದ್ದರು.

"ಮುಂದಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದರೆ ಒಬ್ಬನಿಗೆ ಕಾಲುನೋವು, ಇನ್ನೊಬ್ಬನಿಗೆ ಹೊಟ್ಟೆನೋವು. ನಾನು ಬೆನ್ನು ತಿರುಗಿಸಿದರೆ ಸಾಕು, ಎಲ್ಲರೂ ಹಿತ್ತಲಲ್ಲಿ ಆಡುತ್ತಿರುತ್ತಾರೆ. ಅಲ್ಲಿ ಯಾರಿಗೂ ಯಾವ ನೋವೂ ಇಲ್ಲ. ತುಳಿದು ತುಳಿದು ಹಿತ್ತಲಲ್ಲಿ ಒಂದು ಗರಿಕೆಯನ್ನೂ ಉಳಿಸಿಲ್ಲ. ಆಟ ನಿಂತರೆ ಕಸರತ್ತಿಗೆ ಬಂದೇ ಬರುತ್ತಾರೆ."

"ಬೇಲಿ ಹಾಕಿಸುವೆಯಂತೆ, ಮೊದಲು ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಊರ ಕೆರೆಯ ಏರಿ ಅವನ ಉಸ್ತುವಾರಿಯಲ್ಲಿತ್ತು. ಏರಿಯ ಕೆಳಗೇ ಊರು, ಊರಿನ ಮೊದಲ ಮನೆಯೇ ಅವನದು. ಒಂದು ಬೇಸಿಗೆಯಲ್ಲಿ ಏರಿಯ ಒಂದು ಭಾಗ ಕುಸಿಯಿತು. ಊರವರು ಸೇರಿ ಹೊಸ ಮಣ್ಣು ಹಾಕಿದರು. ಹೊಸ ಮಣ್ಣನ್ನು ತುಳಿದು ಗಟ್ಟಿ ಮಾಡದಿದ್ದರೆ ಅದು ನೀರಿಗೆ ನಿಲ್ಲುವುದಿಲ್ಲ. ಹಿಂದೆಲ್ಲ ದನಗಳನ್ನು ಹೊಡೆದುಕೊಂಡು ಹೋಗಿ ತುಳಿಸುತ್ತಿದ್ದರು. ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ. ರೈತ ಮನೆಗೊಬ್ಬರಂತೆ ಹರೆಯದ ಹುಡುಗ ಹುಡುಗಿಯರನ್ನು ಕರೆಸಿದ. ಅವರಲ್ಲಿ ಅವನ ಮಗಳೂ ಇದ್ದಳು.

ದಿನವೂ ಬೆಳಿಗ್ಗೆ ಅವರನ್ನು ಸಾಲಾಗಿ ನಿಲ್ಲಿಸಿ, ಕೋಲು ಹಿಡಿದು, ಹೊಸ ಮಣ್ಣಿನ ಒಂದು ತುದಿಯಲ್ಲಿ ತುಳಿಸಿದ. ಅವರು ಕಾಲೆಳೆದುಕೊಂಡು ನಡೆದರು. ಮುಂದಿನವನು ಹೆಜ್ಜೆಯಿಟ್ಟಲ್ಲೇ ಹಿಂದಿನವನೂ ಇಟ್ಟ. ಕೋಲು ಅತ್ತ ತಿರುಗಿದರೆ ಅದೂ ಇಲ್ಲ.

ಸಂಜೆ ಅದೇ ಮಕ್ಕಳು ಹೊಸ ಮಣ್ಣಿನ ಇನ್ನೊಂದು ತುದಿಯಲ್ಲಿ ಸೇರುತ್ತಿದ್ದರು. ಗೆರೆ ಎಳೆದು ಕಬಡ್ಡಿ ಆಡುತ್ತಿದ್ದರು. ಒಂಟಿಕಾಲಲ್ಲಿ ಕುಂಟುತ್ತ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಿದ್ದರು. ಅವ್ವಂದಿರು ಕೂಗಿ ಕೂಗಿ ಗಂಟಲು ಹರಿದುಕೊಂಡರೂ ಮನೆಗೆ ಹೋಗುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ರೈತನ ಕಣ್ಣಿಗೆ ಅದು ಬಿತ್ತು. ಅವನು ಕೆಂಡಾಮಂಡಲವಾದ.

"ಬೆಳಿಗ್ಗೆ ಕಾಲೇ ಎತ್ತೋಕಾಗಲ್ಲ ಅಂತೀರಿ. ಈಗ ಕುಣಿದು ಕುಣಿದು ಏರೀನೇ ಸಡಿಲ ಮಾಡ್ತಿದೀರಲ್ಲ?"

"ಬೆಳಿಗ್ಗೆ ನೀನು ತುಳಿಸ್ತೀಯ ಅಪ್ಪ, ಈಗ ನಾವು ಆಡ್ತಿದೀವಿ" ಎಂದಳು ಮಗಳು.

ರೈತ ಜಾಲಿಮುಳ್ಳಿನ ಕೊಂಬೆಗಳನ್ನು ಕಡಿದು ತಂದು ಅವರು ಆಡುತ್ತಿದ್ದ ಜಾಗದ ತುಂಬ ಹರಡಿದ. ಆಟ ನಿಂತಿತು. ಬೆಳಗಿನ ಹೆಜ್ಜೆಗಳು ಇನ್ನಷ್ಟು ಭಾರವಾದವು.

ಆಮೇಲೆ ಮಳೆ ಹಿಡಿಯಿತು. ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಕೆರೆಯ ನೀರು ಏರಿಯ ನೆತ್ತಿಗೆ ಗೇಣು ಕಡಿಮೆ ಇತ್ತು. ಕೆಳಗಿನ ಮನೆಯಲ್ಲಿ ರೈತನ ತಾಯಿ ಹಾಸಿಗೆ ಹಿಡಿದಿದ್ದಳು. ಒಡೆದರೆ ಮಕ್ಕಳು ಕುಣಿದ ಕಡೆಯೇ ಒಡೆಯುವುದೆಂದು ರೈತ ನಿಶ್ಚಯಿಸಿಬಿಟ್ಟಿದ್ದ. ಊರ ಗಂಡಸರನ್ನೆಲ್ಲ, ಇದ್ದ ಕಲ್ಲನ್ನೆಲ್ಲ ಅಲ್ಲಿಗೇ ಒಯ್ದ. ಎಷ್ಟು ಸಡಿಲವಾಗಿದೆ ನೋಡೋಣವೆಂದು ಹಾರೆ ಎತ್ತಿ ಹಾಕಿದ. ಹಾರೆ ಠಣ್ಣೆಂದು ಪುಟಿಯಿತು. ಮತ್ತೆ ಹಾಕಿದ, ಮತ್ತೆ ಪುಟಿಯಿತು. ಹಾಗಾದರೆ ಸಡಿಲವಿರುವುದು ಬೇರೆ ಕಡೆ ಎಂದು ಹೊಳೆದು ಆಗ ಅವನಿಗೆ ನಿಜವಾದ ಹೆದರಿಕೆ ಹುಟ್ಟಿತು.

ಅಷ್ಟರಲ್ಲಿ ಇನ್ನೊಂದು ತುದಿಯಿಂದ ಮಗಳು ಕೂಗಿದಳು. ದಿನಾ ಬೆಳಿಗ್ಗೆ ಅವನು ತುಳಿಸಿದ ಜಾಗದಲ್ಲಿ, ಏರಿಯ ಬುಡದಿಂದ ಕೆಂಪು ನೀರು ಬರುತ್ತಿತ್ತು. ಮೇಲಿನ ಮಣ್ಣು ನೆನೆದ ಹಿಟ್ಟಿನಂತೆ ಕುಗ್ಗುತ್ತಿತ್ತು.

ರೈತ ತಾನೇ ಹರಡಿದ್ದ ಮುಳ್ಳುಕೊಂಬೆಗಳನ್ನು ಬರಿಗೈಯಲ್ಲಿ ಬಾಚಿ ತಂದು ಆ ತೂತಿಗೆ ತುರುಕಿದ. ಗಂಡಸರು ಕಲ್ಲು ಒಟ್ಟಿದರು. ಕುಗ್ಗಿದ ಕಡೆ ಮಣ್ಣು ಸುರಿದರು. ಇನ್ನು ಅದನ್ನು ತುಳಿಯಬೇಕು, ಈಗಲೇ ತುಳಿಯಬೇಕು. ಹುಡುಗ ಹುಡುಗಿಯರು ರೂಢಿಯಂತೆ ಸಾಲಾಗಿ ನಿಂತರು. ಒಬ್ಬರ ಕಾಲೂ ಏಳಲಿಲ್ಲ. ರೈತ ಕೋಲು ಎತ್ತಿದ. ಹೆದರಿದ ಆ ಮುಖಗಳನ್ನು ನೋಡಿ ಕೋಲನ್ನು ನೀರಿಗೆ ಎಸೆದ.

ಮಗಳು ಹಿಮ್ಮಡಿಯಿಂದ ಹಸಿ ಮಣ್ಣಿನಲ್ಲಿ ಗೆರೆ ಎಳೆದಳು. "ಆ ಕಡೆ ನೀವು, ಈ ಕಡೆ ನಾವು" ಎಂದವಳೇ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿ ಜಿಗಿದಳು. ಆಮೇಲೆ ಒಬ್ಬ ಅವಳ ಕಾಲಿಗೆ ಕೈ ಹಾಕಿದ. ಅಲ್ಲಿಂದ ಮುಂದೆ ಯಾರನ್ನೂ ಹೇಳಿ ಕುಣಿಸಬೇಕಾಗಲಿಲ್ಲ. ಅವರು ಹಾರಿದರು, ಜಾರಿದರು, ಒಬ್ಬರ ಮೇಲೊಬ್ಬರು ಬಿದ್ದರು. ರೈತ ಅವರ ಕಾಲ ಕೆಳಗೆ ಬುಟ್ಟಿ ಬುಟ್ಟಿ ಮಣ್ಣು ಸುರಿದ. ಏರಿ ಒಡೆದರೆ ಮೊದಲು ಹೋಗುವವಳು ಮಗಳೇ ಎಂಬುದು ಅವನಿಗೆ ಗೊತ್ತಿತ್ತು. ಬಾ ಎಂದು ಕರೆಯಬೇಕೆಂದು ಬಾಯಿ ತೆರೆದ. ಕರೆದರೆ ಊರು ಹೋಗುತ್ತದೆ, ಮನೆಯಲ್ಲಿ ಮಲಗಿರುವ ತಾಯಿ ಹೋಗುತ್ತಾಳೆ. ಬಾಯಿ ಮುಚ್ಚಿ ಇನ್ನೊಂದು ಬುಟ್ಟಿ ಎತ್ತಿದ.

ಬುಡದ ನೀರು ಸಣ್ಣದಾಯಿತು. ಮತ್ತೂ ಸಣ್ಣದಾಗಿ, ನಿಂತಿತು. ರೈತ ರಕ್ತ ಸೋರುತ್ತಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಏರಿಯ ಮೇಲೆ ಕೂತು ಅತ್ತ. ನೀರು ನಿಂತದ್ದು ಮಕ್ಕಳಿಗೆ ಗೊತ್ತೇ ಆಗಲಿಲ್ಲ, ಅವರು ಆಡುತ್ತಲೇ ಇದ್ದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

"ಅದು ಏರಿಯ ಮಣ್ಣು, ಗುರುಗಳೇ. ನಾನು ಗಟ್ಟಿ ಮಾಡಬೇಕಾದದ್ದು ಹುಡುಗರ ಮೈಯನ್ನು."

ಗುರುಗಳು ಎದ್ದು, ಮುಂಬಾಗಿಲನ್ನು ಪೂರ್ತಿ ತೆರೆದು ಕೇಳಿದರು:

"ಹಿತ್ತಲಲ್ಲಿ ಗರಿಕೆಯೂ ಉಳಿದಿಲ್ಲ ಎಂದೆ, ನಿನ್ನ ಕಸರತ್ತಿನ ಅಂಗಳದಲ್ಲಿ ಹುಲ್ಲು ಎಷ್ಟೆತ್ತರ ಬೆಳೆದಿದೆ, ಮರುಳಯ್ಯ?"