ಬಲೆಯ ಪಾಲು

"ಗುರುಗಳೇ, ನಾನು ಪಾಲು ಹೊಂದಿರುವ ಕಂಪನಿಯಲ್ಲಿ ಆಡಳಿತಕ್ಕಾಗಿ ಎರಡು ಬಣಗಳು ಕಚ್ಚಾಡುತ್ತಿವೆ. 'ನೀವು ಸಭೆಗೆ ಬರಬೇಕಾಗಿಲ್ಲ, ನಿಮ್ಮ ಮತವನ್ನು ನಮಗೆ ಬರೆದುಕೊಡಿ' ಎಂದು ಎರಡೂ ಬಣದವರು ಬೆನ್ನು ಹತ್ತಿದ್ದಾರೆ. ಕುರ್ಚಿಯಲ್ಲಿರುವವನು ಸೋಮಾರಿ, ಬರುತ್ತೇನೆನ್ನುವವನು ಆಸೆಬುರುಕ. ನೆನೆದರೆ ಮೈ ಉರಿಯುತ್ತದೆ. ಇವರಲ್ಲಿ ಕಂಪನಿಯನ್ನು ಮುಳುಗಿಸುವವನು ಯಾರು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನವರೆಲ್ಲ ಸೇರಿ ಒಂದೇ ದೊಡ್ಡ ಬಲೆ ಇಟ್ಟುಕೊಂಡಿದ್ದರು. ಮನೆಗೊಂದು ತುಂಡು ಹೆಣೆದು ಜೋಡಿಸಿದ ಬಲೆ. ಯಾವಾಗ ಬೀಸಬೇಕು, ಯಾವಾಗ ಎಳೆಯಬೇಕು ಎಂದು ಹೇಳುವ ಮುಖಂಡನನ್ನು ತಂಡೇಲ ಎನ್ನುತ್ತಿದ್ದರು. ಮೀನನ್ನು ಮನೆಮನೆಗೆ ಹಂಚುವ ಮೊದಲು ಒಂದು ರಾಶಿಯನ್ನು ಬಲೆಗೆಂದೇ ತೆಗೆದಿಡುತ್ತಿದ್ದರು. ಅದನ್ನು ಮಾರಿ ನೂಲು ತಂದು ಹರಿದಲ್ಲಿ ಹೆಣೆಯುತ್ತಿದ್ದರು. ಅದಕ್ಕೆ ಬಲೆಯ ಪಾಲು ಎಂದು ಹೆಸರು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮರಳಿನ ಮೇಲೆ ಸಭೆ. ಪ್ರತಿ ಮನೆಗೂ ತನ್ನ ಗುರುತು ಕೊರೆದ, ಬಲೆ ತೇಲಿಸಲು ಕಟ್ಟುವಂಥ ಒಂದು ಮರದ ಬೆಂಡು ಇತ್ತು. ಯಾರು ತಂಡೇಲನಾಗಬೇಕೋ ಅವನ ಮುಂದೆ ಅದನ್ನು ಇಡಬೇಕು. ಬರಲಾಗದವರು ಬೇರೆಯವರ ಕೈಯಲ್ಲಿ ಕಳಿಸಬಹುದು.

ಆ ಊರಲ್ಲಿ ಒಬ್ಬ ಮೀನುಗಾರ್ತಿ. ಗಂಡ ಸತ್ತ ಮೇಲೆ ಬಲೆಯ ತುಂಡೊಂದೇ ಅವಳ ಆಸ್ತಿ. ಪಾಲು ಬಂದರೆ ಬುಟ್ಟಿ ಹೊತ್ತು ಮಾರಬೇಕು, ಬರದಿದ್ದರೆ ಒಲೆ ಹಚ್ಚುವಂತಿಲ್ಲ. ತಂಡೇಲನೋ, ಮೀನಿನ ಹಿಂಡು ದಡಕ್ಕೆ ಬಂದಾಗಲೂ ಗೊರಕೆ ಹೊಡೆಯುತ್ತಿದ್ದ. ಅವನ ಹೆಸರೆತ್ತಿದರೆ ಅವಳ ಪಿತ್ತ ನೆತ್ತಿಗೇರುತ್ತಿತ್ತು.

ಆಗ ಐಸು ಮಾರುವ ವ್ಯಾಪಾರಿಯೊಬ್ಬ ಕೆಲವು ಮನೆಗಳ ತುಂಡುಗಳನ್ನು ಕೊಂಡ. "ಗೊರಕೆಯವನನ್ನು ಇಳಿಸುತ್ತೇನೆ, ನಿಮ್ಮ ಬೆಂಡು ನನಗೆ ಕೊಡಿ" ಎಂದು ಬಾಗಿಲು ಬಾಗಿಲಿಗೂ ಹೋದ. ತಂಡೇಲನ ನಿದ್ದೆ ಹಾರಿಹೋಯಿತು. ಅವನು ನಸುಕಿನಲ್ಲೇ ಕಡಲಿನ ಮುಂದೆ ನಿಂತ. ಮೀನು ಹೆಚ್ಚಾಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವ್ಯಾಪಾರಿ, "ನಾನು ಗೆದ್ದರೆ ಬಲೆಯ ಪಾಲನ್ನೂ ನಿಮಗೇ ಹಂಚುತ್ತೇನೆ" ಎಂದ. ಮರುದಿನವೇ ತಂಡೇಲ ತುಂಬಿದ ಬುಟ್ಟಿಯೊಂದಿಗೆ ಮೀನುಗಾರ್ತಿಯ ಮನೆಗೆ ಬಂದ.

"ಏನು ತಂಡೇಲರೇ, ದಾರಿ ತಪ್ಪಿತೋ? ನನ್ನ ಗಂಡ ಸತ್ತಾಗಲೂ ಈ ಬಾಗಿಲು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ."

"ಬಯ್ಯಬೇಡ ತಂಗಿ. ಆ ಐಸಿನವನು ಬಾಯಲ್ಲಿ ಹೇಳಿದ್ದನ್ನು ನಾನು ಬುಟ್ಟಿಯಲ್ಲೇ ತಂದಿದ್ದೇನೆ. ಬಲೆಯ ಪಾಲು ಇನ್ನು ನಿಮ್ಮದೇ."

"ಬಲೆ ಹರಿದರೆ ಏನು, ನಿಮ್ಮ ಮೀಸೆ ಕಿತ್ತು ಹೆಣೆಯುತ್ತೀರೋ?"

"ಗಟ್ಟಿ ಬಲೆ. ಮೊದಲು ಸಭೆ ಮುಗಿಯಲಿ, ಆಮೇಲೆ ನೋಡೋಣ."

ಅವಳು ಬುಟ್ಟಿಯೊಳಗೆ ನೋಡಿದಳು. ಒಳ್ಳೆಯ ಮೀನು. ಬೆಂಡು ಅವನ ಕೈಗಿಟ್ಟಳು. ಸಭೆಯ ದಿನ ಸಂತೆಗೆ ಹೋದಳು. ಊರಿನ ಅರ್ಧ ಜನ ಅದನ್ನೇ ಮಾಡಿದರು.

ತಂಡೇಲ ಗೆದ್ದ. ಆದರೆ ಮುಂದಿನ ಸಭೆಗೆ ವ್ಯಾಪಾರಿ ಮತ್ತೆ ನಿಲ್ಲುತ್ತಾನೆಂಬ ಹೆದರಿಕೆಯಿಂದ ಹಂಚುವುದನ್ನು ನಿಲ್ಲಿಸಲಿಲ್ಲ. ನೂಲು ತರುವವರಿಲ್ಲ. ಬಲೆ ಅಲ್ಲಲ್ಲಿ ಸಡಿಲವಾಯಿತು. ಕಂಡವರೂ ಕಾಣದವರಂತೆ ಇದ್ದರು.

ಒಂದು ಬೆಳಿಗ್ಗೆ ಬಂಗುಡೆ ಮೀನಿನ ಹಿಂಡು ಬಂತು. ಅಂಥ ಹಿಂಡನ್ನು ಊರು ಕಂಡಿರಲಿಲ್ಲ. ಗಂಡು ಹೆಣ್ಣೆನ್ನದೆ ಎಲ್ಲರೂ ಹಗ್ಗ ಹಿಡಿದು ಎಳೆದರು. ಬಲೆ ಇನ್ನೇನು ದಡ ಸೇರಬೇಕು, ನಡುವೆ ಬಿರಿಯಿತು. ಪಕ್ಕದ ತುಂಡೂ ಬಿರಿಯಿತು. ಅದರ ಪಕ್ಕದ್ದೂ. ಮೀನೆಲ್ಲ ಅವರ ಕಣ್ಣ ಮುಂದೆಯೇ ಕಡಲಿಗೆ ಮರಳಿತು. ಉಳಿದದ್ದು ಚಿಂದಿ.

ಮೀನುಗಾರ್ತಿ ತಂಡೇಲನ ಹೆಗಲ ಬಟ್ಟೆ ಹಿಡಿದೆಳೆದಳು. "ಮನೆಹಾಳ! ನನ್ನ ಅನ್ನವನ್ನು ನೀರಿಗೆ ಚೆಲ್ಲಿದೆಯಲ್ಲೋ!"

"ಇವನನ್ನು ಇಳಿಸಬೇಕೆಂದು ನಾನು ಆಗಲೇ ಹೇಳಿರಲಿಲ್ಲವೇ ಅಕ್ಕಾ?" ಎಂದು ವ್ಯಾಪಾರಿ ಹಲ್ಲು ಕಿರಿದ. ಅವಳು ಅವನ ಮುಖಕ್ಕೆ ಮರಳು ಎರಚಿದಳು. ಆ ವರ್ಷ ಯಾರ ಒಲೆಯೂ ಸರಿಯಾಗಿ ಉರಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ಸಿಟ್ಟಿನಿಂದ ಎದ್ದು ನಿಂತ.

"ಇಬ್ಬರನ್ನೂ ಕಡಲಿಗೆ ನೂಕಬೇಕಿತ್ತು! ಹೇಳಿ ಗುರುಗಳೇ, ಇಬ್ಬರಲ್ಲಿ ಆ ಬಲೆಯನ್ನು ಹಾಳುಮಾಡಿದವನು ಯಾರು?"

ಗುರುಗಳು ಕೇಳಿದರು: "ಬಲೆಯ ಪಾಲಿನ ಮೀನು ಯಾರ ಹೊಟ್ಟೆ ಸೇರಿತು?"