ಪಟ್ಟದ ಬೆಕ್ಕಿನ ಬಾಣಂತನ

ಹೂಂಗುಟ್ಟೋರು ಇದ್ರೆ ಹೇಳ್ತೀನಿ. ನಿದ್ದೆ ಬಂದೋರು ಈಗಲೇ ಎದ್ದುಹೋಗಿ, ನಡುವೆ ಗೊರಕೆ ಹೊಡೆದ್ರೆ ನನಗೆ ಕೆಟ್ಟ ಸಿಟ್ಟು ಬರುತ್ತೆ.

ಏಳು ಕೆರೆ ದಾಟಿ ಆಚೆಗೆ ಹೋದ್ರೆ ಅಲ್ಲೊಂದು ಪಟ್ಣ ಇತ್ತಂತೆ. ಆ ಪಟ್ಣಕ್ಕೆ ಚೆಲುವರಾಯ ಅಂತ ಒಬ್ಬ ರಾಜ. ಬೇರೆ ರಾಜರಿಗೆ ಪಟ್ಟದ ಆನೆ ಇರುತ್ತೆ, ಪಟ್ಟದ ಕುದುರೆ ಇರುತ್ತೆ. ಇವನಿಗೆ ಪಟ್ಟದ ಬೆಕ್ಕೂ ಇತ್ತಂತೆ. ಯಾಕೆ ಅಂತೀರಾ? ಒಂದು ಸಲ ಇಲಿಗಳು ಸಿಂಹಾಸನದ ದಿಂಬು ಕಡಿದಿಟ್ಟಿದ್ವು. ರಾಜ ಕೂತ ಕೂಡಲೇ ಹತ್ತಿಯೆಲ್ಲ ಹಾರಿ ಅವನ ಮೀಸೆಗೆ ಮೆತ್ಕೊಂಡಿತಂತೆ. ಆವತ್ತೇ ಒಂದು ಬೆಕ್ಕು ಹಿಡ್ಕೊಂಡು ಬಂದು ಪಟ್ಟ ಕಟ್ಟಿದ್ರು, ಕೊರಳಿಗೆ ಬೆಳ್ಳಿ ಗೆಜ್ಜೆ ಹಾಕಿದ್ರು. ಗೆಜ್ಜೆ ಸದ್ದು ಕೇಳಿ ಇಲಿಗಳು ಮೊದಲೇ ಬಿಲ ಸೇರ್ಕೋತಿದ್ವು, ಒಂದೂ ಸಿಗ್ತಿರಲಿಲ್ಲ. ಆದ್ರೇನು, ಬೆಕ್ಕಿಗೆ ಮರ್ಯಾದೆ ಮಾಡಿದ್ವಲ್ಲ ಅಂತ ಎಲ್ಲರೂ ಸುಮ್ಮನಾದ್ರಂತೆ.

ಆ ಬೆಕ್ಕು ಒಂದು ದಿನ ಮರಿ ಹಾಕ್ತು. ಒಂದೇ ಒಂದು ಮರಿ. ಹಾಕಿದ್ದೆಲ್ಲಿ? ರೇಷ್ಮೆ ಹಾಸಿಗೆ ಬಿಟ್ಟು, ದನದ ಕೊಟ್ಟಿಗೆ ಮೂಲೇಲಿ, ನಿಂಗಾಜಮ್ಮನ ಹಳೇ ಸೀರೆ ಮೇಲೆ.

ನಿಂಗಾಜಮ್ಮ ಅಂದ್ರೆ ಅರಮನೆಯ ಸೂಲಗಿತ್ತಿ. ಆ ಪಟ್ಣದ ಅರ್ಧ ಜನರನ್ನ ಭೂಮಿಗೆ ಇಳಿಸಿಕೊಂಡ ಕೈ ಅವಳದು. ರಾಜನನ್ನ ಹಿಡಿದದ್ದೂ ಅವಳೇ. ಈಗ ವಯಸ್ಸಾಯ್ತು ಅಂತ ಕೊಟ್ಟಿಗೆ ಗುಡಿಸೋಕೆ ಹಾಕಿದ್ರು. ಅವಳು ಬೆಕ್ಕಿನ ಹೆರಿಗೆ ನೋಡಿ, "ಬಂದ್ಯಾ ನನ್ನವ್ವಾ, ಸರಿಯಾದ ಜಾಗಕ್ಕೇ ಬಂದೀಯ" ಅಂತ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಕತ್ತಲೆ ಮಾಡಿ ಕೂತ್ಕೊಂಡ್ಲಂತೆ.

ಅಷ್ಟರಲ್ಲಿ ಡೋಲು ಬಡಿಸಿಕೊಂಡು ಪಂಡಿತರು ಬಂದ್ರು. ಆ ಅರಮನೇಲಿ ಒಂದು ಕಟ್ಟಳೆ. ಪಟ್ಟದವರ ಕೂಸನ್ನ ತಾಯಿ ಮುಟ್ಟಬಾರದು. ಪನ್ನೀರಲ್ಲಿ ಮೀಯಿಸಿ, ಗಂಧ ಹಚ್ಚಿ, ಪುನುಗು ಪೂಸಿ, ಚಿನ್ನದ ತೊಟ್ಟಿಲಲ್ಲಿ ಹನ್ನೊಂದು ದಿನ ಮಲಗಿಸಬೇಕು. ಹನ್ನೆರಡನೇ ದಿನ ತಾಯಿಗೆ ತೋರಿಸಬೇಕು. ಪಟ್ಟದ ಬೆಕ್ಕಿನ ಮರಿ ಅಂದ್ಮೇಲೆ ಅದಕ್ಕೂ ಅದೇ ಕಟ್ಟಳೆ ಅಂದ್ರಂತೆ ಪಂಡಿತರು.

ನಿಂಗಾಜಮ್ಮ ಅಡ್ಡ ನಿಂತ್ಲು. "ಬ್ಯಾಡಿ ಸ್ವಾಮೀ, ಇನ್ನೂ ಕಣ್ಣು ಬಿಟ್ಟಿಲ್ಲ. ತಾಯಿ ಮಗ್ಗುಲಿಂದ ಎತ್ತಬ್ಯಾಡಿ."

"ನೀನು ಯಾವ ಶಾಸ್ತ್ರ ಓದಿರುವೆ?"

"ಓದಿಲ್ಲ ಸ್ವಾಮಿ. ಹೆರಿಗೆ ಮಾಡ್ಸಿವ್ನಿ."

"ಹಾಗಾದರೆ ದೂರ ಸರಿ" ಅಂದು, ಮರಿ ಎತ್ಕೊಂಡು ಹೋದ್ರಂತೆ.

ಮೀಯಿಸಿದ್ದಾಯ್ತು, ಪೂಸಿದ್ದಾಯ್ತು, ತೊಟ್ಟಿಲಿಗೆ ಹಾಕಿದ್ದಾಯ್ತು. ಬಂಗಾರದ ಬಟ್ಟಲಲ್ಲಿ ಕೇಸರಿ ಹಾಲು ಇಟ್ಟು, "ಸೇವಿಸು" ಅಂದ್ರಂತೆ. ಅಯ್ಯೋ ಶಿವನೇ! ಕಣ್ಣಿಲ್ಲ, ಕಿವಿ ಕೇಳಲ್ಲ, ಕತ್ತು ನಿಲ್ಲಲ್ಲ, ಸೇವಿಸು ಅಂದ್ರೆ ಏನು ಸೇವಿಸುತ್ತೆ ಆ ಪಾಪದ್ದು? ಮಿಯಾಂವ್ ಅನ್ನೋಕೂ ಬರದೆ ಕುಂಯ್ ಕುಂಯ್ ಅಂತ ಅಳ್ತಾ ಬಿದ್ದಿತ್ತು.

ಅಳು ರಾಜನ ಕಿವಿಗೆ ಬಿತ್ತು. ತಾಯಿ ಹಾಲಿನ ವಿಷಯ ಬಂದ್ರೆ ಚೆಲುವರಾಯನಿಗೆ ಕೂತಲ್ಲಿ ಕೂರೋಕಾಗ್ತಿರಲಿಲ್ಲವಂತೆ. ಯಾಕೆ ಅಂದ್ರೆ, 'ನಿಮ್ಮ ತಾಯಿ ನಿಮಗೆ ಒಂದು ತೊಟ್ಟು ಹಾಲು ಕೊಡಲಿಲ್ಲ, ಮಹಾಪ್ರಭು' ಅಂತ ಪಂಡಿತರು ಅವನ ಕಿವಿ ಊದಿ ಬೆಳೆಸಿದ್ರು. ಆ ಸಿಟ್ಟಿಗೆ ಅವನು ತಾಯಿಯ ಹತ್ತಿರ ಮಾತೇ ಆಡ್ತಿರಲಿಲ್ಲ. ಆಯಮ್ಮ ದೊಡ್ಡಮ್ಮಣ್ಣಿ, ಸಭೆ ನಡೆದಾಗೆಲ್ಲ ಬಿದಿರು ಪರದೆ ಹಿಂದೆ ಕೂತು ಮಗನ ಮುಖ ನೋಡಿ ಎದ್ದುಹೋಗ್ತಿತ್ತು.

"ಕಟ್ಟಳೆ ಆಚೆಗಿರಲಿ, ಮರೀನ ತಾಯಿ ಹತ್ತಿರ ಬಿಡಿ" ಅಂದ ರಾಜ. ಬಿಟ್ರು. ಬೆಕ್ಕು ಮೂಸಿ ನೋಡ್ತು. ಪುನುಗು ಅಂದ್ರೆ ಏನು? ಕಾಡಿನ ಪುನುಗುಬೆಕ್ಕಿನ ಮೈವಾಸನೆ! ಯಾವುದೋ ಕಾಡುಪ್ರಾಣಿ ಬಂತು ಅಂತ ಬೆಕ್ಕು ಬುಸ್ಸಂತ ಉಗಿದು, ಕಂಬದ ಹಿಂದೆ ಓಡ್ತಂತೆ.

"ನೋಡಿದಿರಾ? ತಾಯಲ್ಲ, ಮಾರಿ!" ಅಂತ ರಾಜ ಸಿಂಹಾಸನದಿಂದ ಎದ್ದು ನಿಂತ. "ಇದರ ಮೇಲೆ ವಿಚಾರಣೆ ನಡೀಲಿ. ತಪ್ಪು ಸಾಬೀತಾದ್ರೆ ಗಡೀಪಾರು. ತೀರ್ಪು ಆಗೋವರೆಗೆ ಇದರ ಹತ್ತಿರ ಹತ್ತು ಹೆಜ್ಜೆ ಒಳಗೆ ಯಾರೂ ಬರಕೂಡದು. ಬಂದೋರಿಗೂ ಗಡೀಪಾರು."

ಕೆಂಪು ರೇಷ್ಮೆ ಹಗ್ಗದಲ್ಲಿ ಬೆಕ್ಕನ್ನ ಸಭೆಯ ನಡುಗಂಬಕ್ಕೆ ಕಟ್ಟಿದ್ರು. ಮಂತ್ರಿ ತಲೆ ಕೆರ್ಕೊಂಡು, "ವಿಚಾರಣೆ ಅಂದ ಮೇಲೆ ಫಿರ್ಯಾದುದಾರರು ಎದುರಿಗಿರಬೇಕು" ಅಂದ್ನಂತೆ. ಫಿರ್ಯಾದುದಾರರು ಯಾರು? ಮರಿ! ಅದನ್ನ ಬೆಳ್ಳಿ ತಟ್ಟೇಲಿಟ್ಟು, ಮೇಲೆ ಜರಿ ವಸ್ತ್ರ ಹೊದಿಸಿದ್ರು. ತಟ್ಟೆ ಹಿಡಿಯೋರು ಯಾರು? ಉಚ್ಚೆ ಹೊಯ್ದ್ರೆ ಪೀತಾಂಬರ ಕೆಡುತ್ತೆ ಅಂತ ಮಂತ್ರಿ ಹಿಂದಕ್ಕೆ, ಪಂಡಿತರು ಇನ್ನೂ ಹಿಂದಕ್ಕೆ. ಕೊನೆಗೆ, "ಆ ಕೊಟ್ಟಿಗೆ ಮುದುಕಿನ ಕರೀರಿ" ಅಂದ್ರಂತೆ.

ನಿಂಗಾಜಮ್ಮ ತಟ್ಟೆ ತಗೊಂಡ್ಲು. ವಸ್ತ್ರದ ಅಡಿ ಕೈ ಹಾಕಿ ನೋಡಿದ್ರೆ ಮರಿ ತಣ್ಣಗಾಗಿದೆ. ಸಭೆ ಸೇರೋಕೆ ಇನ್ನೂ ಹೊತ್ತಿತ್ತು. ಅಡುಗೆಮನೆ ಕಡೆ ಹೋಗಿ, ಮರೀನ ಮಡಿಲಿಗೆ ಹಾಕ್ಕೊಂಡ್ಲು. ತಟ್ಟೇಲಿ ಏನಾದ್ರೂ ಇರಬೇಕಲ್ಲ, ಅಲ್ಲೇ ಬುಟ್ಟೀಲಿದ್ದ ಒಂದು ಬದನೆಕಾಯಿ ಇಟ್ಟು ವಸ್ತ್ರ ಮುಚ್ಚಿದ್ಲಂತೆ.

ಸಭೆ ಶುರುವಾಯ್ತು. ಮೊದಲನೇ ದಿನ ಪಂಡಿತರು ಎದ್ದು, "ಎಲೈ ಮಾರ್ಜಾಲವೇ! ಮಾತೃಧರ್ಮಗಳು ನೂರಾ ಎಂಟು" ಅಂತ ಶುರು ಮಾಡಿ ಸಾಯಂಕಾಲದ ಹೊತ್ತಿಗೆ ನಲವತ್ತಕ್ಕೆ ಬಂದ್ರಂತೆ. ತಟ್ಟೆಯ ಕಡೆ ಕೈ ತೋರಿಸಿ, "ಈ ಕಂದನ ಮುಖವನ್ನಾದರೂ ನೋಡು!" ಅಂತ ಕಣ್ಣೊರೆಸಿಕೊಂಡ್ರು. ಸಭೆಯೂ ಕಣ್ಣೊರೆಸಿಕೊಳ್ತು. ಬದನೆಕಾಯಿ ಗಂಭೀರವಾಗಿ ಕೂತಿತ್ತು.

ನಿಂಗಾಜಮ್ಮ ತಟ್ಟೇನ ಪೀಠದ ಮೇಲಿಟ್ಟು, ಮೂಲೇಲಿ ಗೋಡೆ ಕಡೆ ತಿರುಗಿ ಕೂತಿದ್ಲು. ಮೊದಲು ಮರೀನ ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡಿದ್ಲು. ತಣ್ಣಗಿರೋ ಕೂಸಿಗೆ ಹಾಲು ಹಾಕಿದ್ರೆ ಅದು ಅರಗಲ್ಲ, ನೆನಪಿಟ್ಕೊಳ್ಳಿ. ಮೈ ಬೆಚ್ಚಗಾದ ಮೇಲೆ ಬೋರಲು ಹಿಡಿದು, ಹತ್ತಿ ಬತ್ತೀನ ಉಗುರುಬೆಚ್ಚಗಿನ ಮೇಕೆ ಹಾಲಲ್ಲಿ ಅದ್ದಿ ಬಾಯಿಗಿಟ್ಲು. ಮೊದಲು ಮೂತಿ ತಿರುಗಿಸ್ತು. ಆಮೇಲೆ ಚೀಪ್ತು! "ಚೀಪು ನನ್ನಪ್ಪಾ, ಚೀಪು" ಅಂತ ಅವಳ ಕಣ್ಣಲ್ಲಿ ನೀರು. ಹಾಲಾದ ಮೇಲೆ ಒದ್ದೆ ಬಟ್ಟೇಲಿ ಅಡಿ ಒರೆಸಿ ಉಚ್ಚೆ ಹೊಯ್ಸಿದ್ಲು. ತಾಯಿ ನಾಲಗೇಲಿ ಮಾಡೋ ಕೆಲಸ ಅದು, ಅದಿಲ್ದಿದ್ರೆ ಮರಿ ಹೊಟ್ಟೆ ಉಬ್ಬಿ ಸಾಯುತ್ತೆ. ಹೀಗೆ ಎರಡು ಮೂರು ಗಳಿಗೆಗೆ ಒಂದು ಸಲ.

ಎರಡನೇ ದಿನ ಮಂತ್ರಿಯ ಸರದಿ. "ಫಿರ್ಯಾದುದಾರರು ಅಳುತ್ತಿಲ್ಲ, ಅಂದರೆ ದುಃಖ ಅಷ್ಟು ಆಳವಾಗಿದೆ" ಅಂತ ತಟ್ಟೆಗೆ ಕೈ ಮುಗಿದನಂತೆ. ಎಂಥ ಬುದ್ಧಿವಂತ ನೋಡಿ!

ಈ ಕಡೆ ನಿಂಗಾಜಮ್ಮ ಕಡಲೆಹಿಟ್ಟು ತಿಕ್ಕಿ ತಿಕ್ಕಿ, ಮರಿಯ ಮೈಯಿಂದ ಪುನುಗಿನ ವಾಸನೆ ತೆಗೆದ್ಲು. ಬೆಕ್ಕು ಮಲಗಿದ್ದ ತನ್ನ ಹಳೇ ಸೀರೇಲಿ ಅದನ್ನ ಸುತ್ತಿದ್ಲು. ಆದ್ರೆ ಬತ್ತಿ ಹಾಲು ಎಷ್ಟು ದಿನ? ನಡುಗಂಬದ ಹತ್ತಿರ ಬೆಕ್ಕಿನ ಮೊಲೆ ಗಟ್ಟಿಯಾಗಿ ಊದ್ಕೊಂಡಿತ್ತು. ಇನ್ನು ನಾಲ್ಕು ದಿನ ಮರಿ ಬಾಯಿ ಹಾಕದಿದ್ರೆ ಹಾಲು ಬತ್ತಿಹೋಗುತ್ತೆ ಅಂತ ಅವಳಿಗೆ ಗೊತ್ತು. ಹಾಗೆ ಬತ್ತಿದ್ದನ್ನ ಅವಳು ಇದೇ ಅರಮನೇಲಿ ಒಂದು ಸಲ ಕಂಡಿದ್ಲು. ಆಗ ಹೆದರಿ ಬಾಯಿ ಮುಚ್ಕೊಂಡಿದ್ಲು.

ಮೂರನೇ ದಿನ ಪಂಡಿತರು ನೂರಾ ಎಂಟು ಮುಗಿಸಿ, "ಇದು ಸೂಕ್ಷ್ಮ ವಿಷಯ, ಮಹಾಪ್ರಭು. ಇನ್ನೂ ಹನ್ನೊಂದು ದಿನ ಶಾಸ್ತ್ರ ತಿರುವಿ ಹಾಕಬೇಕು" ಅಂದ್ರು.

ಹನ್ನೊಂದು ದಿನ! ನಿಂಗಾಜಮ್ಮನ ತಲೆ ಸಿಡಿದುಹೋಯ್ತು. ಗಡೀಪಾರಾದ್ರೆ ಆಗಲಿ ಅಂತ ಎದ್ದು ಬಂದವಳೇ, ಜರಿ ವಸ್ತ್ರ ಎಳೆದು ಬಿಸಾಕಿದ್ಲು. ತಟ್ಟೇಲಿ ಸುಕ್ಕುಗಟ್ಟಿದ ಬದನೆಕಾಯಿ.

ಹಿಂದೆ ಕೂತಿದ್ದೋರೆಲ್ಲ ಎದ್ದು ಕತ್ತು ಚಾಚಿದ್ರು.

"ಮೂರು ದಿನದಿಂದ ಇದಕ್ಕೆ ಕಣ್ಣೀರು ಹಾಕಿದ್ರಲ್ಲ ಬುದ್ಧೀ," ಅಂದ್ಲು ನಿಂಗಾಜಮ್ಮ, "ನಿಮ್ಮಲ್ಲಿ ಒಬ್ರಾದ್ರೂ ಬಟ್ಟೆ ಎತ್ತಿ ನೋಡಿದ್ರಾ? ಕೂಸು ಬದುಕೈತಾ ಸತ್ತೈತಾ ಅಂತ ಕೇಳಿದ್ರಾ?"

ರಾಜ ಸಿಂಹಾಸನ ಬಿಟ್ಟು ಇಳಿದು ಬಂದ. "ಮರಿ ಎಲ್ಲಿ?"

"ಐತೆ. ಎಲ್ಲ ಆಚೆ ನಡೀರಿ, ತೋರಿಸ್ತೀನಿ. ಬಾಣಂತಿ ಮುಂದೆ ಇಷ್ಟು ಗಂಡಸರಿಗೇನು ಕೆಲಸ?"

ಮಂತ್ರಿ, ಪಂಡಿತರು, ಡೋಲಿನವರು ಎಲ್ಲ ಗೊಣಗ್ತಾ ಎದ್ದುಹೋದ್ರು. ರಾಜ ಮಾತ್ರ ಪರದೆ ಹಿಂದೆ ಹೋಗಿ ನಿಂತ. ಅಲ್ಲಿ ದೊಡ್ಡಮ್ಮಣ್ಣಿ ಕೂತಿತ್ತು. ನಿಂಗಾಜಮ್ಮ ಹಗ್ಗ ಬಿಚ್ಚಿ, ಗೆಜ್ಜೇನೂ ಬಿಚ್ಚಿ, ಸೀರೆ ಸಮೇತ ಮರೀನ ಬೆಕ್ಕಿನ ಮುಂದಿಟ್ಟು ಸರಿದ್ಲು. ಬೆಕ್ಕು ಮೂಸ್ತು. ಇನ್ನೊಂದು ಸಲ ಮೂಸ್ತು. ಆಮೇಲೆ ತಲೆಯಿಂದ ಬಾಲದವರೆಗೆ ನೆಕ್ಕಿ ನೆಕ್ಕಿ, ಮಗ್ಗುಲಾಗಿ ಮಲಗ್ತು. ಮರಿ ತಡವರಿಸ್ಕೊಂಡು ಹೋಗಿ ಬಾಯಿ ಹಾಕ್ತು. ಬೆಕ್ಕು ಗುರುಗುಟ್ಟೋ ಸದ್ದು ಖಾಲಿ ಸಭೆಗೆಲ್ಲ ಕೇಳಿಸ್ತಂತೆ.

ರಾಜ ಮೆಲ್ಲಗೆ, "ಮೂರು ದಿನ ಹೆಂಗೆ ಉಳಿಸಿದೆ ಅಜ್ಜೀ? ಯಾರು ಕಲಿಸಿದ್ರು?" ಅಂದ.

"ನೀವೇ ಕಲಿಸಿದ್ದು ಬುದ್ಧೀ. ನೀವು ಹನ್ನೊಂದು ದಿನ ಚಿನ್ನದ ತೊಟ್ಟಿಲಲ್ಲಿದ್ರಿ. ಪಂಡಿತರು ಅತ್ಲಾಗೆ ತಿರುಗಿದಾಗ ಬತ್ತೀಲಿ ಮೇಕೆ ಹಾಲು ಹಾಕಿ ಉಳಿಸಿಕೊಂಡೆ. ಹನ್ನೆರಡನೇ ದಿನ ಅಮ್ಮಣ್ಣಿಯವರ ಕೈಗೆ ಕೊಡೋ ಹೊತ್ತಿಗೆ ಎದೆ ಬತ್ತೋಗಿತ್ತು."

ರಾಜ ತಿರುಗಿ ತಾಯಿಯ ಕಡೆ ನೋಡ್ದ. ದೊಡ್ಡಮ್ಮಣ್ಣಿ ಸೆರಗು ಬಾಯಿಗೊತ್ಕೊಂಡಿತ್ತು.

"ನಿನ್ನ ಅಳು ಗೋಡೆ ಆಚೆಯಿಂದ ಕೇಳ್ತಿತ್ತು ಮಗಾ," ಅಂತು. "ಬಾಗಿಲು ಬಡಿದೆ. ತೆಗೀಲಿಲ್ಲ."

ಅಷ್ಟು ದೊಡ್ಡ ರಾಜ, ಅಷ್ಟು ದೊಡ್ಡ ಮೀಸೆ! ನೆಲದ ಮೇಲೆ ಕೂತು, "ಅವ್ವಾ" ಅಂತ ತಾಯಿ ಮಡಿಲಲ್ಲಿ ಮುಖ ಇಟ್ಟನಂತೆ.

ಆವತ್ತಿಗೆ ಆ ಕಟ್ಟಳೆ ಮುಗೀತು. ಮರುವರ್ಷ ರಾಣಿ ಹೆತ್ತಾಗ ನಿಂಗಾಜಮ್ಮ ಕೂಸನ್ನ ಮೊದಲು ತಾಯಿ ಎದೆ ಮೇಲೆ ಹಾಕಿದ್ಲು, ಅತ್ತೆ ದೊಡ್ಡಮ್ಮಣ್ಣಿ ಪಕ್ಕದಲ್ಲೇ ಕೂತು ಕಾಲೊತ್ತಿತು. ಗೆಜ್ಜೆ ಬಿಚ್ಚಿದ ಬೆಕ್ಕು ಮೊದಲನೇ ವಾರಕ್ಕೇ ಇಪ್ಪತ್ತು ಇಲಿ ಹಿಡೀತು. ಪಂಡಿತರು ಸುಮ್ನೆ ಕೂತ್ರಾ? 'ಮಾರ್ಜಾಲ ಶಿಶುಪಾಲನೆ' ಅಂತ ಮುನ್ನೂರು ಓಲೆಗರಿಯ ಗ್ರಂಥ ಬರೆದ್ರಂತೆ, ಅದರಲ್ಲಿ ಹತ್ತಿ ಬತ್ತಿಯ ಮಾತು ಎಲ್ಲೂ ಇಲ್ಲವಂತೆ. ಚಿನ್ನದ ತೊಟ್ಟಿಲು ಅಡುಗೆಮನೆಗೆ ಹೋಯ್ತು. ಈಗಲೂ ಅದರಲ್ಲಿ ಬದನೆಕಾಯಿ ಹಾಕಿಡ್ತಾರಂತೆ.

ಮರಿ ತಾಯಿ ಮಗ್ಗುಲು ಸೇರ್ತು, ಕಥೆ ನಿಮ್ಮ ಕಿವಿ ಸೇರ್ತು. ನನ್ನ ಗಂಟಲು ಒಣಗೋಯ್ತು, ಯಾರಾದ್ರೂ ಎದ್ದು ಒಂದು ಲೋಟ ಮಜ್ಜಿಗೆ ತನ್ನಿ.