ಯೋನಪ್ಪ ಮತ್ತು ಸದ್ದು ನುಂಗೋ ಪೆಟಗಿ

ಕುಂದರ್ರಿ, ಹೇಳತೀನಿ. ಬೆಟಗೇರಿಯಾಗ ರೂತವ್ವ ಅಂತ ಒಬ್ಬಾಕಿ ಇದ್ದಳು. ಆಕಿಗೆ ಒಬ್ಬನ ಮಗ, ಯೋನಪ್ಪ. ಆಳು ನೋಡಿದರ ಎತ್ತರ, ಗಟ್ಟಿಮುಟ್ಟ, ಮೀಸಿ ಬಂದು ಎಷ್ಟೋ ವರ್ಷ ಆಗಿತ್ತು. ತಲಿ ಮಾತ್ರ ಹಾಲು ಕುಡಿಯೋ ಕೂಸಿಂದು. ಕೆಟ್ಟವನಲ್ಲ, ಮೈಗಳ್ಳನಲ್ಲ. ಹೇಳಿದ್ದನ್ನ ಹೇಳಿದಂಗ ಮಾಡತಿದ್ದ, ಒಂದು ಕೂದಲೆಳಿ ಆಚೀಚಿ ಇಲ್ಲ. ಅದ ದೊಡ್ಡ ತೊಂದರಿ ಆಗಿತ್ತು.

"ಬಾಗಲ ಕಡೆ ನೋಡಕೋತ ಇರು" ಅಂತ ಹೇಳಿ ರೂತವ್ವ ಸಂತಿಗೆ ಹೋದರ, ಅವ ಬಾಗಲಾ ನೋಡಕೋತ ಕುಂತ. ಹಿತ್ತಲ ಕಡೆಯಿಂದ ಮಂಗ್ಯಾಗಳು ಬಂದು ರೊಟ್ಟಿ ಬುಟ್ಟಿ ಹೊತಗೊಂಡು ಹೋದವು. ಸಪ್ಪಳ ಕೇಳಿಸಿತು, ಆದರ ಅವ ತಿರುಗಿ ನೋಡಲಿಲ್ಲ. ಬಾಗಲಾ ಅಷ್ಟ ನೋಡಂದಿದ್ದಳಲ್ಲ ಅವ್ವ.

ಓಣಿ ಮಂದಿ ನಗತಿದ್ದರು. ರೂತವ್ವ ಅಂಜತಿದ್ದಳು. ಆಕಿ ಗಂಡ ಕರೆಂಟಿನ ಕಂಬ ಹತ್ತೋ ಕೆಲಸದವ. ಒಂದಿನ ಕೆಳಗ ನಿಂತವ "ಲೈನ್ ಬಂದ್ ಮಾಡೀನಿ, ಹತ್ತು" ಅಂದ. ಇವ ನಂಬಿ ಹತ್ತಿದ. ಜೀವಂತ ಇಳಿದು ಬರಲಿಲ್ಲ. ಅವತ್ತಿನಿಂದ ರೂತವ್ವ ಮನ್ಯಾಗ ಲೈಟಿನ ಸ್ವಿಚ್ ಹಾಕಬೇಕಂದರೂ ಸೆರಗಿನಿಂದ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಹಾಕತಿದ್ದಳು. ಮಗನೂ ಅಪ್ಪನಂಗ, ಮಂದಿ ಹೇಳಿದ್ದನ್ನ ನಂಬೋನು. ಯಾರು ಯಾವತ್ತು ಏನು ಹೇಳ್ಯಾರೋ ಅನ್ನೋದ ಆಕಿ ಚಿಂತಿ.

ಅಂಥಾಕಿ ಮಗನಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂದ್ರ ಸದಾನಂದ ಮಾಸ್ತರನ ಮನ್ಯಾಗ.

ಮಾಸ್ತರ ಗಿಟಾರ್ ಬಾರಿಸೋನು. ಲಗ್ನಕ್ಕ, ಚರ್ಚಿಗೆ, ಆರ್ಕೆಸ್ಟ್ರಾಕ್ಕ ಎಲ್ಲಾ ಕಡೆ ಅವನ ಬೇಕು. ಅವನ ಕಡೆ ಒಂದು ಹಳೇ ಆಂಪ್ಲಿಫೈಯರ್ ಇತ್ತು. ಅದರ ಹೊಟ್ಯಾಗ ಬಲ್ಬಿನಂಥಾ ಗಾಜಿನ ವಾಲ್ವ್, ಹಚ್ಚಿದರ ಕೆಂಡದಂಗ ಕೆಂಪಗ ಆಗತಿದ್ದವು. ಸಣ್ಣಗ ಬಾರಿಸಿದರ ಅದರ ದನಿ ಸಪ್ಪಗ ಬರತಿತ್ತು. ಪೂರಾ ತಿರುವಿದಾಗ ಮಾತ್ರ ದನಿ ತುಂಬಿ, ಅಂಚು ಹರಿದು, ಮನಷ್ಯಾ ಅತ್ತಂಗ ಬರತಿತ್ತು. ಆದರ ಪೂರಾ ತಿರುವಿದರ ಕಿಟಕಿ ಗಾಜು ನಡುಗತಿದ್ದವು.

ಮಾಸ್ತರಗ ಒಬ್ಬಾಕಿ ಅಕ್ಕ, ಕೃಪಾಬಾಯಿ. ಸಾಲಿ ಕಲಿಸಿ ರಿಟೈರ್ ಆದಾಕಿ, ಓಣಿಯವರಿಗೆಲ್ಲಾ ಬಾಯಾರು. ಎದಿ ಆಪರೇಷನ್ ಮಾಡಿಸಿಕೊಂಡು ಆಗಷ್ಟ ಮನಿಗೆ ಬಂದಿದ್ದಳು. "ಗಾಬರಿ ಆಗೋವಂಥ ಸದ್ದು ಬ್ಯಾಡ" ಅಂದಿದ್ದರು ಡಾಕ್ಟರು. ಮಾಸ್ತರ ಗಿಟಾರ್ ಮುಟ್ಟೋದ ಬಿಟ್ಟ. ಬಾಯಾರು ಬಿಡಲಿಲ್ಲ. "ನೀ ಬಾರಿಸದ ಕುಂತರ ನನಗ ಮನಿ ಸ್ಮಶಾನ ಅನಸತೈತಿ" ಅಂದಳು.

ಅದಕ್ಕ ಮಾಸ್ತರ ಮೂರು ಪೆಟಗಿ ತರಿಸಿದ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವ ಇಡೋ ಪೆಟಗಿ. ಆಂಪ್ಲಿಫೈಯರ್ ಎಷ್ಟ ಒದರಲಿ, ಅದರ ಜೋರೆಲ್ಲಾ ಪೆಟಗಿ ನುಂಗಿ, ಸ್ಪೀಕರಿಗೆ ಸ್ವಲ್ಪ ಬಿಡತೈತಿ. ಅಟೆನ್ಯುಯೇಟರ್ ಅಂತ ಹೆಸರು. ಯೋನಪ್ಪನ ನಾಲಿಗಿ ಹೊಳ್ಳಲಿಲ್ಲ, ಅವ "ನುಂಗೋ ಪೆಟಗಿ" ಅಂದ. ಒಂದು ಹುಬ್ಬಳ್ಳಿ ರಿಪೇರಿಯವ ಬಿಸ್ಕೀಟ್ ಡಬ್ಯಾಗ ಮಾಡಿ ಕೊಟ್ಟಿದ್ದು. ಇನ್ನೊಂದು ಸದ್ದು ಏರಿಳಿಸೋ ದೊಡ್ಡ ಗುಂಡಿಯದು, ಬ್ಯಾಂಡಿನ ಗೆಳೆಯಂದು. ಮೂರನೇದು ಒಳಗ ತಾಮ್ರದ ಸುರುಳಿ ಇದ್ದ ಭಾರೀ ಪೆಟಗಿ, ಗೋವಾದಿಂದ ಬಂದಿದ್ದು. ಮೂರೂ ಹಚ್ಚಿ ನೋಡಿ, ಒಂದು ಇಟಗೊಂಡು, ಎರಡು ಹೊಳ್ಳಿ ಕೊಡಬೇಕು. ಎತ್ತಾಕ ಇಡಾಕ ಒಂದಾಳು ಬೇಕಾಗಿತ್ತು.

ಕರೆಂಟಿನ ಕೆಲಸ ಅಂತ ಕೇಳಿ ರೂತವ್ವ ಮೊದಲು ಬ್ಯಾಡ ಅಂದಳು. ಆದರ ಮಗನಿಗೆ ಬ್ಯಾರೆ ಯಾರು ಕೆಲಸ ಕೊಡತಾರ? ಕಳಿಸೋ ಮುಂದ ಅವನ ಎರಡೂ ಕೈ ಹಿಡಕೊಂಡು ಹೇಳಿದಳು. "ಅಲ್ಲಿ ತಂತಿ ಕಂಡರ ಹಂಗ ಬಿಡಬ್ಯಾಡ. ಮೊದಲು ಕಿತ್ತಿಡು. ಆಮ್ಯಾಲೆ ಹತ್ತರ ಹೋಗು. ತಿಳೀತಿಲ್ಲೋ?"

"ತಿಳೀತವ್ವ."

ಮಾಸ್ತರ ಮೊದಲ ಪೆಟಗಿ ಹಚ್ಚಿ, ಆಂಪ್ಲಿಫೈಯರ್ ಪೂರಾ ತಿರುವಿ, ಕಣ್ಣು ಮುಚ್ಚಿ ಬಾರಿಸಾಕ ಸುರು ಮಾಡಿದ್ದ. ಯೋನಪ್ಪ ಬಂದ. ಆಂಪ್ಲಿಫೈಯರಿನಿಂದ ಪೆಟಗಿಗೆ ಹೋಗೋ ತಂತಿ ಕಂಡ. ಕಿತ್ತಿಟ್ಟ.

ಸದ್ದು ನಿಂತಿತು. ಒಂದು ಸುಟ್ಟ ವಾಸನಿ ಎದ್ದಿತು. ಮಾಸ್ತರ ಕಣ್ಣು ತೆಗೆದವನ ಗಿಟಾರ್ ಬಿಟ್ಟು ಸ್ವಿಚ್ಚಿನ ಕಡೆ ಹಾರಿದ. ಆರಿಸಿ, ಆಂಪ್ಲಿಫೈಯರಿನ ಬೆನ್ನಿಗೆ ಕಿವಿ ಹಚ್ಚಿ ಎಷ್ಟೋ ಹೊತ್ತು ಹಂಗ ನಿಂತ. ಮುಖ ಬೆಳ್ಳಗಾಗಿತ್ತು. ಪುಣ್ಯಾಕ್ಕ ಕೆಟ್ಟಿರಲಿಲ್ಲ.

"ಏನ ಮಾಡಿದ್ಯೋ ಮಾರಾಯಾ? ಈ ಮಷಿನ್ ನಡಿಯೋ ಮುಂದ ಖಾಲಿ ಬಿಟ್ಟರ ಒಳಗಿಂದ ಒಳಗ ಸುಟ್ಟು ಹೋಗತೈತಿ. ಇದಕ್ಕ ಲೋಡ್ ಬೇಕು. ಲೋಡ್ ಇಲ್ಲದ ಇದನ್ನ ಒಂದು ಗಳಿಗಿನೂ ಬಿಡಬ್ಯಾಡ."

"ಬಿಡೂದಿಲ್ರಿ ಮಾಸ್ತರ."

ಸಂಜಿಗೆ ರೂತವ್ವ ಮಗನ ಬೆರಳು ಒಂದೊಂದ ತಿರುವಿ ನೋಡಿದಳು. ಸುಟ್ಟಿರಲಿಲ್ಲ. ಆಕಿಗೆ ಅಷ್ಟ ಸಾಕಾತು.

ಮರುದಿನ ಮಾಸ್ತರ ಔಷಧಿ ತರಾಕ ಪ್ಯಾಟಿಗೆ ಹೋಗಿದ್ದ. ಆಂಪ್ಲಿಫೈಯರ್ ಮೂಲ್ಯಾಗ ಸುಮ್ಮನ ಕುಂತಿತ್ತು. ಮ್ಯಾಲೆ ಏನೂ ಇಲ್ಲ. ಯೋನಪ್ಪ ಅದನ್ನ ನೋಡಿದ. ಲೋಡ್ ಇಲ್ಲದ ಬಿಟ್ಟು ಹೋಗ್ಯಾರಲ್ಲ, ಸುಟ್ಟು ಹೋದರ ಹೆಂಗ? ಓಡಿ ಹೋಗಿ ಜೋಳದ ಚೀಲ ಹೊತ್ತು ತಂದು ಅದರ ಮ್ಯಾಲೆ ಹಾಕಿದ. ಸಾಲದು ಅನಿಸಿತು. ಹಿತ್ತಲದಾಗಿನ ಒಳ್ಳು ಕಲ್ಲು ತಂದು ಚೀಲದ ಮ್ಯಾಲೆ ಏರಿಸಿದ. ಕಟಕ್ ಅಂತ ಒಳಗ ಏನೋ ಸಪ್ಪಳಾತು. ಲೋಡ್ ಕುಂತಿತು ಅಂತ ಅವನಿಗೆ ಸಮಾಧಾನಾತು.

ಮಾಸ್ತರ ಬಂದು ನೋಡಿದ. ಕಲ್ಲು ಇಳಿಸಿದ, ಚೀಲ ಇಳಿಸಿದ. ಆಂಪ್ಲಿಫೈಯರಿನ ಕಟ್ಟಿಗಿ ಮೈ ಸಂದು ಬಿಟ್ಟಿತ್ತು, ಒಂದು ವಾಲ್ವ್ ಪುಡಿ ಆಗಿತ್ತು. ಅವನ ಕಡೆ ಇನ್ನೊಂದ ಉಳಿದಿತ್ತು. ಅದನ್ನ ಸಾವಕಾಶ ಹಾಕಿದ.

"ಲೋಡ್ ಅಂದ್ರ ಭಾರ ಅಲ್ಲಪಾ" ಅಂದ. "ಅದರ ಶಕ್ತಿ ತಿನ್ನೋದು. ಈ ಪೆಟಗಿ ತಿಂತೈತಿ ನೋಡು, ತಿಂದಂಗ ತಿಂದಂಗ ಮೈ ಬಿಸಿ ಆಗತೈತಿ. ಮೈ ಬಿಸಿ ಆತಂದ್ರ ಮ್ಯಾಲೆ ಏನೂ ಹೊದಿಸಬಾರದು. ಹೊದಿಸಿದ್ದು ಇದ್ದರ ತೆಗೆದು ಗಾಳಿ ಬಿಡಬೇಕು. ಇಲ್ಲಂದ್ರ ಸತ್ತು ಹೋಗತೈತಿ. ಇಷ್ಟ ನೆನಪಿಟಗೊ."

"ಇಟಗೋತೀನ್ರಿ."

ಅವತ್ತ ಮಧ್ಯಾಹ್ನ ಮಾಸ್ತರ ಬಿಸ್ಕೀಟ್ ಡಬ್ಬಿ ಹಚ್ಚಿ ಬಾರಿಸಿದ. ಸದ್ದೇನೋ ಇಳೀತು, ಆದರ ದನಿ ಬಾವಿಯೊಳಗಿಂದ ಕರದಂಗಿತ್ತು. ಅದನ್ನ ತೆಗೆದು ದೊಡ್ಡ ಗುಂಡಿಯದು ಹಚ್ಚಿದ. ಅರ್ಧಕ್ಕ ಇಳಿಸಿದರ ಚಲೋ. ಇನ್ನೂ ಇಳಿಸಿದರ ಸೊಳ್ಳಿ ಗುಂಯ್ ಅಂದಂಗ. ಪಕ್ಕದ ಖೋಲ್ಯಾಗ ಬಾಯಾರು ಗಂಜಿ ಕುಡದು, ಚಳಿ ಅಂತ ಎರಡು ಕಂಬಳಿ ಹೊತಗೊಂಡು ಮಲಗಿದ್ದಳು. ಯೋನಪ್ಪ ಗಂಜಿ ತಟ್ಟಿ ತರಾಕ ಹೋದ. ತಟ್ಟಿ ಎತ್ತೋ ಮುಂದ ಆಕಿ ಕೈ ತಗುಲಿತು. ಸುಡತಿತ್ತು.

ತಿಂದಾಳ, ಮೈ ಬಿಸಿ ಆಗೇತಿ, ಮ್ಯಾಲೆ ಹೊದಿಸ್ಯಾರ. ಯೋನಪ್ಪ ಅಂಜಿಬಿಟ್ಟ. ಎರಡೂ ಕಂಬಳಿ ಎಳದು ಒಗೆದ. ಟೇಬಲ್ ಫ್ಯಾನ್ ತಂದು ಮಂಚದ ಹತ್ತರ ಇಟ್ಟು ಜೋರಾಗಿ ಬಿಟ್ಟ. ಬಾಯಾರ ಹಲ್ಲು ಕಟಕಟ ಅಂತಿದ್ದವು. ಫ್ಯಾನಿನ ಸಪ್ಪಳ ಕೇಳಿ ಮಾಸ್ತರ ಓಡಿ ಬಂದ. ಡಾಕ್ಟರಿಗೆ ಹೇಳಿ ಕಳಿಸಿದರು. ಜ್ವರ ಇಳಿಯೋ ತನಕಾ ಮಾಸ್ತರ ಮಂಚದ ಪಕ್ಕ ಬಿಟ್ಟು ಏಳಲಿಲ್ಲ.

ಆಮ್ಯಾಲೆ ಹೊರಗ ಬಂದು ಹೇಳಿದ. "ಪೆಟಗಿಗೆ ಹೇಳಿದ್ದು ಮನಷ್ಯಾರಿಗೆ ಮಾಡಬಾರದೋ. ಅಕ್ಕಗ ಬೇಕಾಗಿದ್ದು ಒಂದ, ಸದ್ದಿಲ್ಲದಂಗ ಇರೋದು. ಈ ಮನ್ಯಾಗ ಜೋರು ಸದ್ದು ಮಾಡೋವಂಥದು ಏನ ಇದ್ದರೂ ಮೊದಲ ತಡಿ. ಆಕಿ ಎದಿಗೆ ಅದ ವೈರಿ."

"ತಡೀತೀನ್ರಿ" ಅಂದ ಯೋನಪ್ಪ. ಅವನ ಕಣ್ಣಾಗ ನೀರಿತ್ತು. ಬಾಯಾರು ಅವನಿಗೆ ಅಕ್ಷರ ಕಲಿಸಾಕ ಎಷ್ಟೋ ವರ್ಷ ಒದ್ದಾಡಿದಾಕಿ, ಒಂದಿನಾನೂ ಬಡಿದಾಕಿ ಅಲ್ಲ.

ಮುಂದಿನ ಎರಡು ದಿನ ಅವ ಭಾಳ ದುಡಿದ. ಬಾಗಲ ಕೀಲಿಗೆ ಎಣ್ಣಿ ಬಿಟ್ಟ. ಗ್ವಾಡಿ ಗಡಿಯಾರ ನಿಲ್ಲಿಸಿದ. ಕೊಡಪಾನದ ತಳಕ್ಕ ಚಿಂದಿ ಕಟ್ಟಿದ. ಮಾಸ್ತರಗ ಹಿಗ್ಗಾತು, "ಈಗ ಶಾಣ್ಯಾ ಆದಿ ನೋಡು" ಅಂದ. ಯೋನಪ್ಪ ಇನ್ನೂ ಹುಡುಕಿದ. ಬಾಯಾರ ತಲಿದಿಂಬಿನ ಹತ್ತರ ಒಂದು ಹಿತ್ತಾಳಿ ಗಂಟಿ ಇತ್ತು, ಏನರ ಬೇಕಾದರ ಬಾರಿಸಾಕ ಅಂತ. ಆಕಿ ಮಲಗಿದ್ದಾಗ ಅವ ಸಾವಕಾಶ ಅದನ್ನ ಎತ್ತಿ, ಅದರ ನಾಲಿಗಿಗೆ ಅರಿವಿ ಸುತ್ತಿ, ದಾರಾ ಕಟ್ಟಿ, ಇದ್ದಲ್ಲೇ ಇಟ್ಟ.

ಅವತ್ತ ಮಾಸ್ತರ ಮೂರನೇ ಪೆಟಗಿ ಹಚ್ಚಿದ್ದ. ತಾಮ್ರದ ಸುರುಳಿದು. ಆಂಪ್ಲಿಫೈಯರ್ ಪೂರಾ ತಿರುವಿದ್ದ, ಸದ್ದು ಮಾತ್ರ ಮನ್ಯಾಗ ಇಬ್ಬರು ಮಾತಾಡಿದಷ್ಟ. ಆದರೂ ದನಿ ತುಂಬಿ ಬರತಿತ್ತು, ಹಳೇ ದಿನದಂಗ. ಅವನಿಗೆ ಮೈಮ್ಯಾಲೆ ಖಬರ ಉಳಿಯಲಿಲ್ಲ. ಬಾರಿಸಕೋತ ಹೋದ, ಬಾರಿಸಕೋತ ಹೋದ. ಗಿಟಾರಿನ ಒಂದು ತಂತಿ ಹರೀತು, ಅದಕ್ಕ ನಿಲ್ಲಿಸಿ ತಲಿ ಎತ್ತಿದ. ತೆರೆದ ಬಾಗಲದಾಗಿಂದ ಅಕ್ಕನ ಮಂಚ ಕಾಣತಿತ್ತು.

ಬಾಯಾರು ಒಂದು ಕೈಯಿಂದ ಎದಿ ಹಿಡಕೊಂಡಿದ್ದಳು. ಇನ್ನೊಂದು ಕೈಯಾಗ ಗಂಟಿ. ಗಂಟಿ ಅಲ್ಲಾಡಸತಿದ್ದಳು, ಜೋರಜೋರಾಗಿ ಅಲ್ಲಾಡಸತಿದ್ದಳು. ಸದ್ದು ಇಲ್ಲ. ಆಕಿ ಬಾಯಿ ತೆರದಿತ್ತು, ಅದರಾಗೂ ಸದ್ದು ಇಲ್ಲ.

ಮಾಸ್ತರ ಹೆಂಗ ಓಡಿದನೋ ಅವನಿಗೇ ಗೊತ್ತಿಲ್ಲ. ನಾಲಿಗಿ ಕೆಳಗ ಗುಳಿಗಿ ಇಟ್ಟ, ತನ್ನ ಎದಿಗೆ ಆನಿಸಿಕೊಂಡು ಕುಂದರಿಸಿದ. ಡಾಕ್ಟರು ಬಂದರು, ಸೂಜಿ ಕೊಟ್ಟರು. ಯೋನಪ್ಪ ಬಾಗಲ ಮರಿಗೆ ನಿಂತು ನೋಡತಿದ್ದ. ಒಳಗ ಬರಾಕ ಅವನಿಗೆ ಯಾರೂ ಹೇಳಿರಲಿಲ್ಲ. ಬಾಯಾರ ತುಟಿಗೆ ಬಣ್ಣ ತಿರುಗಿ ಬಂದ ಮ್ಯಾಲೆ ಡಾಕ್ಟರು, "ಇನ್ನ ಗಾಬರಿ ಇಲ್ಲ. ಸ್ವಲ್ಪ ತಡಾ ಆಗಿದ್ದರ ನಾ ಬಂದೂ ಉಪಯೋಗ ಇರತಿರಲಿಲ್ಲ" ಅಂದು ಹೋದರು.

ಮಾಸ್ತರ ಗಂಟಿ ಎತ್ತಿ ಒಳಗ ನೋಡಿದ. ಅರಿವಿ ಕಂಡಿತು. ಎದ್ದು ನಿಂತ. ಅವನ ಮುಖ ನೋಡಿ ಬಾಯಾರು ಮೆಲ್ಲಗ ಅಂದಳು. "ಸದಾನಂದಾ, ಅವನಿಗೆ ಏನೂ ಅನಬ್ಯಾಡ. ಸದ್ದು ತಡಿ ಅಂತ ಹೇಳಿದಾವ ನೀನು."

ಮಾಸ್ತರ ಕುಂತ. ಬಯ್ಯಾಕ ಅವನ ಕಡೆ ಶಕ್ತಿ ಉಳಿದಿರಲಿಲ್ಲ. ಒಂದೊಂದ ಮಾತು ಅಳೆದು ತೂಗಿ ಹೇಳಿದ, ಮತ್ತೇನರ ತಪ್ಪಾದೀತು ಅಂತ ಅಂಜಿಕೋತ. "ಯೋನಪ್ಪಾ, ಇನ್ನ ಮ್ಯಾಲೆ ಸದ್ದು ತಡಿಯೋದು ನಿನ್ನ ಕೆಲಸಲ್ಲ. ಅದು ಪೆಟಗಿ ಕೆಲಸ. ಸದ್ದು ಜೋರಾತಂದ್ರ ನಡುವ ಪೆಟಗಿ ಇಡು. ಆ ಕಡೆ ಒಂದು ತಂತಿ ಕೊಡು, ಈ ಕಡೆ ಒಂದು ತಂತಿ ಕೊಡು. ಗುಂಡಿ ಸಾವಕಾಶ ಇಳಸು. ಅಷ್ಟ."

"ಅಷ್ಟ ಮಾಡತೀನ್ರಿ ಮಾಸ್ತರ."

ಸುದ್ದಿ ಓಣಿಗೆಲ್ಲಾ ಗೊತ್ತಾತು. ರೂತವ್ವನ ಕಿವಿಗೂ ಬಿತ್ತು. ಆಕಿ ಮುಂಜಾನೆ ಎದ್ದಾಕಿನ ಸೀದಾ ಮಾಸ್ತರನ ಮನಿಗೆ ಬಂದಳು. ಮಗನ್ನ ಕರಕೊಂಡು ಹೋಗಬೇಕು, ಇನ್ನ ಕಳಸೂದಿಲ್ಲ ಅಂತ ನಿರ್ಧಾರ ಮಾಡಿ ಬಂದಿದ್ದಳು. ಬಾಗಲದಾಗ ನಿಂತು ಮೆತ್ತಗ ಸುರು ಮಾಡಿದಳು.

"ಅವನ ಕೈಯಿಂದ ಒಂದು ಜೀವ ಹೋಗತಿತ್ತಲ್ರಿ ಮಾಸ್ತರ. ಹೋಗಿದ್ದರ ಪೊಲೀಸರು ಯಾರನ್ನ ಒಯ್ಯತಿದ್ದರು?"

"ನಾ ಅವನ್ನ ಏನೂ ಅಂದಿಲ್ಲ ರೂತವ್ವ. ತಪ್ಪು ನಂದ ಅಂದೀನಿ."

"ತಪ್ಪು ನಿಮ್ಮದಂದ್ರ ಆತೇನು? ನನ್ನ ಗಂಡ ಸತ್ತ ಮ್ಯಾಲೆ ಕೆಳಗ ನಿಂತಾವನೂ ಹಂಗ ಅಂದ. ಆ ಕರೆಂಟಿನ ಪೆಟಗಿ ಮುಂದ ನನ್ನ ಮಗನ್ನ ಕುಂದರಸಬ್ಯಾಡ್ರಿ."

"ಮತ್ತ ಎಲ್ಲಿ ಕುಂದರಸತೀ? ಮನ್ಯಾಗ ಇಟಗೊಂಡು ಎಷ್ಟ ದಿನ ಕಾಯತೀ? ನೀ ಹೋದ ಮ್ಯಾಲೆ ಅವನಿಗೆ ಯಾರು?"

ಆ ಮಾತು ರೂತವ್ವಗ ಚುಚ್ಚಿತು. ಅದ ಆಕಿ ಎಲ್ಲಾದಕ್ಕಿಂತ ದೊಡ್ಡ ಅಂಜಿಕಿ. ದನಿ ಏರಿತು. ಮಾಸ್ತರನ ದನಿನೂ ಏರಿತು. ಒಬ್ಬರ ಮಾತು ಒಬ್ಬರಿಗೆ ಕೇಳಲಾರದಂಗ ಇಬ್ಬರೂ ಒದರಾಕ ಹತ್ತಿದರು. ಒಳಗ ಬಾಯಾರು ಕೆಮ್ಮಿದಳು.

ಯೋನಪ್ಪ ಆ ಕೆಮ್ಮು ಕೇಳಿದ. ತಾಮ್ರದ ಸುರುಳಿ ಪೆಟಗಿ ಎರಡೂ ಕೈಯಿಂದ ಎತ್ತಿಕೊಂಡು ಬಂದ. ಅವ್ವಗೂ ಮಾಸ್ತರಗೂ ನಡುವ ನೆಲದ ಮ್ಯಾಲೆ ಇಟ್ಟ. ಒಂದು ತಂತಿ ಅವ್ವನ ಕೈಯಾಗ ಕೊಟ್ಟ. "ಹಿಡಕೊ ಅವ್ವ." ಇನ್ನೊಂದು ತಂತಿ ಮಾಸ್ತರನ ಕೈಯಾಗ ಕೊಟ್ಟ. "ನೀವೂ ಹಿಡಕೊರ್ರಿ."

ತಂತಿಗೆ ಕರೆಂಟು ಇರಲಿಲ್ಲ, ಅದು ಮಾಸ್ತರಗ ಗೊತ್ತಿತ್ತು. ರೂತವ್ವಗ ಗೊತ್ತಿರಲಿಲ್ಲ. ಆಕಿ ಉಸಿರು ಹಿಡದು ನಿಂತಳು, ರೆಪ್ಪಿ ಬಡಿಯಲಿಲ್ಲ. ಬಿಟ್ಟರ ಏನಾಗತೈತೋ, ಹಿಡದರ ಏನಾಗತೈತೋ. ಮಾಸ್ತರ "ಬಿಡು" ಅಂತ ಯೋನಪ್ಪಗ ಅನ್ನಾಕ ಬಾಯಿ ತೆಗೆದ. ಇವ ಏನು ಬಿಡತಾನೋ ಯಾರಿಗೆ ಗೊತ್ತು ಅನಿಸಿತು. ಬಾಯಿ ಮುಚ್ಚಿದ. ಅವನೂ ತಂತಿ ಹಿಡದು ನಿಂತ.

ಯೋನಪ್ಪ ಕುಕ್ಕರಗಾಲಿನಿಂದ ಕುಂತು ಗುಂಡಿ ಸಾವಕಾಶ ಇಳಿಸಿದ. ಕಿವಿಗೊಟ್ಟು ಕೇಳಿದ. ಇಬ್ಬರ ಬಾಯಿಂದಲೂ ಒಂದು ಸೊಲ್ಲಿಲ್ಲ. ಅವನ ಮುಖ ಅರಳಿತು.

"ಈ ಪೆಟಗಿ ಚಲೋ ಐತ್ರಿ ಮಾಸ್ತರ" ಅಂದ. "ಆದರ ಇದೊಂದ ನೋಡಿ ಹೇಳಾಕ ಬರೂದಿಲ್ಲ. ಹಂಗ ಹಿಡಕೊಂಡ ನಿಂದರ್ರಿ, ಉಳಿದ ಎರಡೂ ತರತೀನಿ. ಒಂದೊಂದ ಹಚ್ಚಿದಾಗ ನೀವಿಬ್ಬರೂ ಮೊದಲಿನಷ್ಟ ಜೋರಾಗಿ ಜಗಳಾಡಬೇಕ್ರಿ, ಕಮ್ಮಿ ಮಾಡಬ್ಯಾಡ್ರಿ. ಇಲ್ಲಂದ್ರ ಯಾವುದು ಎಷ್ಟು ನುಂಗತೈತಿ ಅಂತ ಗೊತ್ತಾಗೂದಿಲ್ಲ."